ಡಬ್ಬಿಯೊಳಗಿನ ಬೆಳ್ಳಿ: ಗ್ರೇಡ್ ಆದ ಸಿಲ್ವರ್ ಈಗಲ್ ಮಾರಿದರೆ ಕೈಗೆ ಎಷ್ಟು ಬರುತ್ತೆ?

2025ರ ದೀಪಾವಳಿ ಹೊತ್ತಿಗೆ ಬೆಳ್ಳಿ ಒಂದು ಔನ್ಸ್‌ಗೆ 50 ಡಾಲರ್ ಆಸುಪಾಸಿನಲ್ಲಿತ್ತು. ನ್ಯೂಜೆರ್ಸಿಯಲ್ಲಿರುವ ಗೆಳೆಯನ ಮನೆಯಲ್ಲಿ ಲಕ್ಷ್ಮೀಪೂಜೆ ಮುಗಿಸಿ ಊಟಕ್ಕೆ ಕೂತಿದ್ದೆವು. ದೇವರ ಮುಂದೆ ಇಟ್ಟಿದ್ದ ಮರದ ಪೆಟ್ಟಿಗೆಯನ್ನು ಅವನು ಎತ್ತಿಕೊಂಡು ಬಂದ. ಒಳಗೆ ಹತ್ತು ಬೆಳ್ಳಿ ನಾಣ್ಯ. ಒಂದೊಂದೂ ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿತ್ತು. ಎಲ್ಲವೂ ಅಮೆರಿಕದ ಸರ್ಕಾರಿ ಟಂಕಸಾಲೆಯ ಬೆಳ್ಳಿ ನಾಣ್ಯವಾದ ಅಮೆರಿಕನ್ ಸಿಲ್ವರ್ ಈಗಲ್, ಎಲ್ಲವೂ 2018ರವು. ಅದು ಮಗಳು ಹುಟ್ಟಿದ ವರ್ಷ.

ಆರು ಡಬ್ಬಿಗಳ ಮೇಲೆ ಎಂಎಸ್ 70 ಎಂಬ ಗ್ರೇಡ್, ಅಂದರೆ ನಾಣ್ಯದ ಸ್ಥಿತಿಗೆ ಕೊಟ್ಟ ಅಂಕ ಇತ್ತು, ನಾಲ್ಕರ ಮೇಲೆ ಎಂಎಸ್ 69. ಆರನ್ನು ಟಿವಿಯ ಶಾಪಿಂಗ್ ಕಾರ್ಯಕ್ರಮ ನೋಡಿ ತಲಾ 89 ಡಾಲರ್ ಕೊಟ್ಟು ತಗೊಂಡಿದ್ದ. ಉಳಿದ ನಾಲ್ಕಕ್ಕೆ ತಲಾ 45. "ಆಗ ಬೆಳ್ಳಿ 16 ಡಾಲರ್ ಇತ್ತು, ಈಗ ಮೂರು ಪಟ್ಟು ಆಗಿದೆ. ಹಾಗಾದ್ರೆ 89 ಕೊಟ್ಟದ್ದು ಈಗ 260 ದಾಟಿರಬೇಕು ಅಲ್ವಾ?" ಎಂದು ಕೇಳಿದ.

ಇಲ್ಲ. ಅವತ್ತು ಮಾರಿದ್ದರೆ ಖರ್ಚು ಕಳೆದು ಒಂದಕ್ಕೆ 60 ಡಾಲರ್ ಹತ್ತಿರ ಸಿಗುತ್ತಿತ್ತು ಅಷ್ಟೆ. ಬೆಳ್ಳಿ ಮೂರು ಪಟ್ಟು ಏರಿದರೂ ಅವನಿಗೆ ನಷ್ಟ. ಇದನ್ನು ಹೇಳುವಾಗ ನನಗೂ ಸಂಕಟವಾಯಿತು. ಇದೇ ಲೆಕ್ಕ ತಪ್ಪಿದ ನಮ್ಮವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಕ್ಕಳು ಹುಟ್ಟಿದ ವರ್ಷದ ನಾಣ್ಯ, ಅಕ್ಷಯ ತೃತೀಯಕ್ಕೊಂದು ನಾಣ್ಯ ಎಂದು ಪ್ರೀತಿಯಿಂದ ಕೊಂಡಿರುತ್ತಾರೆ. ಮಾರಬೇಕಾದಾಗ ಅಂಗಡಿಯವನು ಹೇಳುವ ಬೆಲೆ ಕೇಳಿ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅಂಗಡಿಯವನ ಬೆಲೆ ಸರಿಯಾಗಿಯೇ ಇರುತ್ತದೆ. ಕೊಳ್ಳುವಾಗಿನ ಲೆಕ್ಕವೇ ತಪ್ಪಿರುತ್ತದೆ.

ಒಂದು ಬೆಲೆಯೊಳಗೆ ಮೂರು ಬೆಲೆ

ಡಬ್ಬಿಯಲ್ಲಿರುವ ನಾಣ್ಯಕ್ಕೆ ನೀವು ಕೊಡುವ ದುಡ್ಡಿನಲ್ಲಿ ಮೂರು ಪಾಲಿರುತ್ತದೆ. ಮೊದಲನೆಯದು ಬೆಳ್ಳಿಗೆ. ಎರಡನೆಯದು, ಆ ಬೆಳ್ಳಿ ಬರೀ ಲೋಹದ ಗಟ್ಟಿಯಾಗಿರದೆ ಸರ್ಕಾರಿ ಟಂಕಸಾಲೆಯ ನಾಣ್ಯವಾಗಿರುವುದಕ್ಕೆ. ಮೂರನೆಯದು ಡಬ್ಬಿಗೆ, ಅದರ ಮೇಲಿನ ಅಂಕಿಗೆ, ಲೇಬಲ್‌ಗೆ. ಮೂರೂ ಒಂದೇ ಥರ ಏರುವುದಿಲ್ಲ, ಇಳಿಯುವುದಿಲ್ಲ. ಇದು ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳ್ಳಿಯ ಪಾಲು ಸುಲಭ. ಸಿಲ್ವರ್ ಈಗಲ್‌ನಲ್ಲಿ ಇರುವುದು ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, 999 ಶುದ್ಧತೆಯ ಬೆಳ್ಳಿ. 1986ರಲ್ಲಿ ಮೊದಲ ಸಲ ಬಂದಾಗಿನಿಂದ ಇಷ್ಟೇ ತೂಕ. ಮೇಲೆ ಒಂದು ಡಾಲರ್ ಎಂದು ಬರೆದಿರುತ್ತದೆ, ಅದಕ್ಕೆ ಬೆಲೆಯ ಲೆಕ್ಕದಲ್ಲಿ ಅರ್ಥವಿಲ್ಲ. ಮಾರುವ ದಿನದ ಸ್ಪಾಟ್ ಬೆಲೆ, ಅಂದರೆ ಆ ಕ್ಷಣದ ಸಗಟು ಪೇಟೆಯ ಬೆಲೆ ನೋಡಿದರೆ ಈ ಪಾಲು ಸಿಕ್ಕಿತು.

ಎರಡನೇ ಪಾಲು ಜನರ ಬೇಡಿಕೆ ಹೇಗಿದೆಯೋ ಹಾಗೆ. 2022ರಲ್ಲಿ ಬೆಳ್ಳಿ 20 ಡಾಲರ್ ಆಸುಪಾಸಿನಲ್ಲಿದ್ದಾಗ ಡಬ್ಬಿಯಿಲ್ಲದ ಬಿಡಿ ಈಗಲ್‌ನ ಚಿಲ್ಲರೆ ಬೆಲೆ 30 ಡಾಲರ್ ದಾಟಿತ್ತು. ನಾಣ್ಯ ಸಿಗುವುದೇ ಕಷ್ಟವಾಗಿತ್ತು. ಬೆಳ್ಳಿ ಜೋರಾಗಿ ಏರಿದಾಗ ಇದು ಉಲ್ಟಾ ಆಗುತ್ತದೆ. ಹತ್ತು ವರ್ಷ ಕಪಾಟಿನಲ್ಲಿ ಇಟ್ಟವರೆಲ್ಲ ಒಟ್ಟಿಗೆ ಮಾರಲು ಬರುತ್ತಾರೆ. ಅಂಗಡಿಯವನ ಕೈಯಲ್ಲಿರುವ ನಗದು ಕರಗುತ್ತದೆ, ಅವನಿಂದ ಕೊಳ್ಳುವ ಸಗಟಿನವರೂ ಸದ್ಯಕ್ಕೆ ಬೇಡ ಅನ್ನುತ್ತಾರೆ. ಆಗ ಒಳ್ಳೆಯ ಈಗಲ್‌ಗೂ ಸ್ಪಾಟ್‌ಗಿಂತ ಕಡಿಮೆ ಕೊಡುವ ಅಂಗಡಿಗಳಿರುತ್ತವೆ. ಅದು ದುರಾಸೆ ಎಂದೇ ತಿಳಿಯಬೇಕಿಲ್ಲ, ನಾಳೆ ಬೆಲೆ ಬಿದ್ದರೆ ಹೊಡೆತ ಅವನಿಗೇ.

ಜನ ಎಡವುವುದು ಮೂರನೇ ಪಾಲಿನಲ್ಲಿ.

70 ಅಂದರೆ ಏನು

ಅಮೆರಿಕದಲ್ಲಿ ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಎರಡು ದೊಡ್ಡ ಕಂಪನಿಗಳಿವೆ. ಪಿಸಿಜಿಎಸ್ 1986ರಿಂದ ಇದೆ, ಎನ್‌ಜಿಸಿ 1987ರಿಂದ. ನಾಣ್ಯ ಕಳಿಸಿದರೆ ಅಸಲಿಯೋ ಅಂತ ನೋಡಿ, 1ರಿಂದ 70ರವರೆಗಿನ ಮಾಪನದಲ್ಲಿ ಒಂದು ಅಂಕ ಕೊಟ್ಟು, ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ಈ ಡಬ್ಬಿಯನ್ನೇ ಸ್ಲ್ಯಾಬ್ ಅನ್ನುವುದು. ಚಲಾವಣೆಗೆ ಬಾರದ ನಾಣ್ಯಕ್ಕೆ 60ರಿಂದ 70ರವರೆಗೆ, ಅಂಕಕ್ಕೆ ಮುಂಚೆ ಎಂಎಸ್ (ಮಿಂಟ್ ಸ್ಟೇಟ್) ಎಂಬ ಅಕ್ಷರ. ಸಂಗ್ರಹಕಾರರಿಗಾಗಿ ಕನ್ನಡಿಯ ಹೊಳಪು ಕೊಟ್ಟು ವಿಶೇಷವಾಗಿ ಒತ್ತಿದ ಪ್ರೂಫ್ ನಾಣ್ಯವಾದರೆ ಪಿಎಫ್ ಅಥವಾ ಪಿಆರ್. 70 ಅಂದರೆ ಐದು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೂ ಒಂದು ಗೀರೂ ಕಾಣದ ನಾಣ್ಯ. 69ರಲ್ಲಿ ಸೂಜಿಮೊನೆಯಷ್ಟು ಏನೋ ಇರುತ್ತದೆ. ಬರಿಗಣ್ಣಿಗೆ ಎರಡೂ ಒಂದೇ.

ಈ 1–70ರ ಮಾಪನ 1949ರಲ್ಲಿ ವಿಲಿಯಂ ಶೆಲ್ಡನ್ ಎಂಬುವರು ಅಮೆರಿಕದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ಮಾಡಿದ್ದು. ವರ್ಷಗಟ್ಟಲೆ ಕೈಯಿಂದ ಕೈಗೆ ಸವೆದ ನಾಣ್ಯದಲ್ಲಿ ಯಾವುದು ಚೆನ್ನಾಗಿ ಉಳಿದಿದೆ ಎಂದು ತೂಗಲು ಅದು ಬಹಳ ಉಪಯೋಗದ್ದು. ಅಲ್ಲಿ ಉಳಿದು ಬಂದದ್ದೇ ಅಪರೂಪ. ಸಿಲ್ವರ್ ಈಗಲ್ ಕಥೆಯೇ ಬೇರೆ. ಅದು ಯಂತ್ರದಿಂದ ಹೊರಬಿದ್ದು ಇಪ್ಪತ್ತರ ಕೊಳವೆಗೆ, ಕೊಳವೆಯಿಂದ ಐನೂರರ ಪೆಟ್ಟಿಗೆಗೆ ಹೋಗುತ್ತದೆ. ಯಾರ ಜೇಬಿಗೂ ಬೀಳುವುದಿಲ್ಲ. 2015ರಲ್ಲಿ ಒಂದೇ ವರ್ಷ 4 ಕೋಟಿ 70 ಲಕ್ಷ ಈಗಲ್ ಮಾರಾಟವಾದವು. ದೊಡ್ಡ ವ್ಯಾಪಾರಿಗಳು ಪೆಟ್ಟಿಗೆಗಟ್ಟಲೆ ಗ್ರೇಡಿಂಗ್‌ಗೆ ಕಳಿಸುತ್ತಾರೆ. 70 ಬಂದದ್ದಕ್ಕೊಂದು ಬೆಲೆ, 69 ಬಂದದ್ದಕ್ಕೊಂದು ಬೆಲೆ ಇಟ್ಟು ಮಾರುತ್ತಾರೆ. ಹಾಗಾಗಿ ಈಚಿನ ವರ್ಷಗಳ 70ರ ಈಗಲ್ ಚೆನ್ನಾಗಿದೆ ನಿಜ, ಆದರೆ ಅಪರೂಪದ್ದಲ್ಲ.

ನಿಮ್ಮದು ಎಷ್ಟು ಸಾಮಾನ್ಯ ಎಂದು ಊಹಿಸಬೇಕಾಗಿಯೇ ಇಲ್ಲ. ಯಾವ ವರ್ಷದ ಯಾವ ನಾಣ್ಯಕ್ಕೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದೇವೆ ಎಂಬ ಎಣಿಕೆಯನ್ನು ಎರಡೂ ಕಂಪನಿಗಳು ಪ್ರಕಟಿಸುತ್ತವೆ. ಪಿಸಿಜಿಎಸ್‌ನವರು ಅದನ್ನು ಪಾಪ್ಯುಲೇಷನ್ ರಿಪೋರ್ಟ್ ಅಂತಾರೆ, ಎನ್‌ಜಿಸಿಯವರು ಸೆನ್ಸಸ್ ಅಂತಾರೆ. ನಿಮ್ಮ ವರ್ಷದ 70ರ ಸಾಲಿನಲ್ಲಿ ಸಾವಿರಗಟ್ಟಲೆ ಇದ್ದರೆ, ಕೊಳ್ಳುವವನಿಗೆ ನಿಮ್ಮ ನಾಣ್ಯವೇ ಬೇಕು ಅನ್ನುವ ಹಟ ಇರುವುದಿಲ್ಲ. ಪಕ್ಕದವನ ಹತ್ತಿರ ಹತ್ತು ಡಾಲರ್ ಕಡಿಮೆಗೆ ಸಿಕ್ಕರೆ ಅದನ್ನೇ ತಗೊಳ್ಳುತ್ತಾನೆ.

ಈ ಎಣಿಕೆ ಬೆಳೆಯುತ್ತಲೇ ಹೋಗುತ್ತದೆ ಅನ್ನುವುದನ್ನೂ ಮರೆಯಬಾರದು. ಈಗಲ್ ಸರಣಿಯ ರಾಜ ಅನ್ನಿಸಿಕೊಂಡಿರುವುದು 1995ರ ಡಬ್ಲ್ಯು ಗುರುತಿನ ಪ್ರೂಫ್. ವೆಸ್ಟ್ ಪಾಯಿಂಟ್ ಟಂಕಸಾಲೆಯದು. ಚಿನ್ನದ ನಾಣ್ಯಗಳ ಸೆಟ್ ಕೊಂಡವರಿಗೆ ಮಾತ್ರ ಜೊತೆಗೆ ಸಿಕ್ಕಿತ್ತು, ಒಟ್ಟು 30,125 ಅಷ್ಟೆ. ಪಿಸಿಜಿಎಸ್ 70 ಕೊಟ್ಟ ಅಂಥ ಒಂದು ನಾಣ್ಯ 2013ರ ಮಾರ್ಚ್‌ನಲ್ಲಿ ಹರಾಜಿನಲ್ಲಿ 86 ಸಾವಿರ ಡಾಲರ್‌ಗೂ ಜಾಸ್ತಿಗೆ ಹೋಯಿತು. ಆಮೇಲೆ ಇನ್ನಷ್ಟು ನಾಣ್ಯಗಳು 70 ಪಡೆದು ಹೊರಬಂದವು. ಬೆಲೆ ಕುಸಿಯಿತು. ನಿಜವಾಗಿ ಅಪರೂಪದ ನಾಣ್ಯಕ್ಕೇ ಹೀಗಾದರೆ 2018ರ ಸಾಮಾನ್ಯ ಈಗಲ್‌ನ ಪಾಡು ಯೋಚಿಸಿ.

ಇದಕ್ಕೆ ಒಂದು ಒಳ್ಳೆಯ ಅಪವಾದ ಇದೆ, ಹೇಳಲೇಬೇಕು. ಮೊದಲ ಹದಿನೈದು ವರ್ಷದ ಬುಲಿಯನ್ ಈಗಲ್‌ಗಳನ್ನು, ಅಂದರೆ ಪ್ರೂಫ್ ಅಲ್ಲದ ಸಾಮಾನ್ಯ ಈಗಲ್‌ಗಳನ್ನು, ಯಾರೂ ನಾಜೂಕಾಗಿ ಇಟ್ಟಿರಲಿಲ್ಲ. 1996ರಲ್ಲಿ ಬಂದದ್ದೂ ಕಡಿಮೆ, ಸುಮಾರು 36 ಲಕ್ಷ. ಆ ಕಾಲದ್ದರಲ್ಲಿ, ಅದರಲ್ಲೂ 1996 ಮತ್ತು 1999ರಲ್ಲಿ, 70 ಸಿಗುವುದು ನಿಜಕ್ಕೂ ಕಷ್ಟ. ಅಲ್ಲಿ 69ಕ್ಕೂ 70ಕ್ಕೂ ಅಜಗಜಾಂತರ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದೊಂದು ಇದ್ದರೆ ಸುಮ್ನೆ ಅಂಗಡಿಗೆ ಒಯ್ದು ಗುಡ್ಡೆಯಲ್ಲಿ ಹಾಕಬೇಡಿ. ನಾಣ್ಯಗಳನ್ನೇ ಹರಾಜು ಹಾಕುವ ಸಂಸ್ಥೆಗಳಿವೆ, ಅಲ್ಲಿಗೆ ಕಳಿಸಿ.

ಲೇಬಲ್‌ನ ಮಾತು

ಗೆಳೆಯನ 70ರ ಡಬ್ಬಿಯೊಂದನ್ನು ಮೇಜಿನ ದೀಪದ ಕೆಳಗೆ ಹಿಡಿದು ನೋಡಿದೆ. ಮೇಲ್ಭಾಗದ ಲೇಬಲ್‌ನಲ್ಲಿ ನೀಲಿ ಶಾಯಿಯ ಸಹಿ, ಪಕ್ಕದಲ್ಲಿ ಬಾವುಟದ ಚಿತ್ರ, ಮೊದಲ ತಿಂಗಳಲ್ಲೇ ಬಂದ ನಾಣ್ಯ ಎಂಬ ಒಂದು ಸಾಲು. ಅದರ ಕೆಳಗೆ ನಡೆಯುತ್ತಿರುವ ಲಿಬರ್ಟಿ, ಸ್ವಾತಂತ್ರ್ಯದ ಸಂಕೇತವಾದ ಹೆಣ್ಣು. ಶಿಲ್ಪಿ ಅಡಾಲ್ಫ್ ವೈನ್‌ಮನ್ 1916ರ ಅರ್ಧ ಡಾಲರ್‌ಗೆ ಬಿಡಿಸಿದ ಚಿತ್ರ ಅದು. ಸೀರೆಯ ಸೆರಗಿನ ಹಾಗೆ ಹಾರುವ ಬಾವುಟ, ಪಾದದ ಬಳಿ ಹುಟ್ಟುವ ಸೂರ್ಯ. ಎಷ್ಟು ನೋಡಿದರೂ ತಣಿಯದ ಚಿತ್ರ.

ಡಬ್ಬಿಯನ್ನು ಸ್ವಲ್ಪ ಓರೆ ಮಾಡಿದೆ. ಸೂರ್ಯಕಿರಣದ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಬಿಳಿ ಕಲೆ. ಹಾಲಿನ ಹನಿ ಒಣಗಿದ ಹಾಗೆ. ಇದನ್ನು ಮಿಲ್ಕ್ ಸ್ಪಾಟ್ ಅಂತಾರೆ. ನಾಣ್ಯ ಗ್ರೇಡ್ ಆಗಿ, ಡಬ್ಬಿ ಸೀಲ್ ಆಗಿ, ವರ್ಷಗಳಾದ ಮೇಲೂ ಇದು ಮೂಡಬಹುದು. ಮುಟ್ಟಿದ್ದರಿಂದ ಬಂದದ್ದಲ್ಲ, ತಯಾರಿಕೆಯಲ್ಲೇ ಉಳಿದುಹೋದ ದೋಷ. ಲೇಬಲ್ ಮಾತ್ರ ಈಗಲೂ 70 ಎಂದೇ ಹೇಳುತ್ತದೆ. ಗ್ರೇಡಿಂಗ್ ಕಂಪನಿಗಳ ಗ್ಯಾರಂಟಿ ಸಾಮಾನ್ಯವಾಗಿ ಇಂಥ ಕಲೆಗೆ ಅನ್ವಯಿಸುವುದಿಲ್ಲ. ಕೊಳ್ಳುವವನು ಮಾತ್ರ ಲೇಬಲ್ ಬಿಟ್ಟು ಕಲೆ ನೋಡುತ್ತಾನೆ. ಹಾಗಾಗಿ ಮಾರುವ ಮುಂಚೆ ಪ್ರತಿಯೊಂದನ್ನೂ ದೀಪದ ಕೆಳಗೆ ತಿರುಗಿಸಿ ನೋಡಿ. ಕಲೆ ಇದ್ದದ್ದನ್ನು ಬೆಳ್ಳಿಯ ಬೆಲೆಗೆ ಲೆಕ್ಕ ಹಾಕಿ.

ಫಸ್ಟ್ ಸ್ಟ್ರೈಕ್, ಅರ್ಲಿ ರಿಲೀಸ್ ಎಂಬ ಮಾತುಗಳೂ ಲೇಬಲ್ ಮೇಲಿರುತ್ತವೆ. ಕೇಳಿದರೆ ಅಚ್ಚು ಹೊಸದಿದ್ದಾಗ ಮೊದಮೊದಲು ಒತ್ತಿದ ನಾಣ್ಯ ಅನ್ನಿಸುತ್ತದೆ. ಹಾಗಲ್ಲ. ನಾಣ್ಯ ಬಿಡುಗಡೆಯಾದ ಸುಮಾರು 30 ದಿನದೊಳಗೆ ಗ್ರೇಡಿಂಗ್ ಕಂಪನಿಗೋ ಅವರು ಒಪ್ಪಿದ ಉಗ್ರಾಣಕ್ಕೋ ತಲುಪಿದೆ, ಅಷ್ಟೇ ಅದರ ಅರ್ಥ. ಯಾವ ನಾಣ್ಯ ಮೊದಲು ಒತ್ತಿದ್ದು ಎಂಬ ಲೆಕ್ಕ ನಾವು ಇಡುವುದಿಲ್ಲ ಎಂದು ಅಮೆರಿಕದ ಟಂಕಸಾಲೆಯೇ ಹೇಳಿದೆ. ಕೊಳ್ಳುವಾಗ ಈ ಸಾಲಿಗೆ ದುಡ್ಡು ತೆತ್ತಿರುತ್ತೇವೆ. ಸಾಮಾನ್ಯ ವರ್ಷದ ನಾಣ್ಯ ಮಾರುವಾಗ ಅಂಗಡಿಯವನು ಅದಕ್ಕೆ ಬಿಡಿಗಾಸೂ ಸೇರಿಸುವುದಿಲ್ಲ. ಸಹಿಗಳ ಹಣೆಬರಹವೂ ಹೆಚ್ಚುಕಡಿಮೆ ಇದೇ.

ಪಿಸಿಜಿಎಸ್ ಮತ್ತು ಎನ್‌ಜಿಸಿ ಬಿಟ್ಟು ಹೆಸರೇ ಕೇಳದ ಕಂಪನಿಯ ಡಬ್ಬಿಯಾದರೆ 70 ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದನ್ನು ಬಿಡಿ ನಾಣ್ಯವೆಂದೇ ಎಣಿಸಿ.

ಕೈಗೆ ಬರುವ ದುಡ್ಡು

ಬೆಲೆ ತಿಳಿಯಲು ಬಹಳ ಜನ ಗ್ರೇಡಿಂಗ್ ಕಂಪನಿಗಳ ದರಪಟ್ಟಿ ನೋಡುತ್ತಾರೆ. ಅದು ಚಿಲ್ಲರೆ ಬೆಲೆಯ ಅಂದಾಜು, ನೀವು ಕೊಳ್ಳುವವರಾಗಿದ್ದರೆ ಆಗುವ ಬೆಲೆ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಯಾರೋ 180 ಡಾಲರ್‌ಗೆ ಮಾರಾಟಕ್ಕೆ ಇಟ್ಟಿದ್ದಾರೆ ಅನ್ನುವುದೂ ಬೆಲೆಯಲ್ಲ. ಅದು ಅವರ ಆಸೆ. ನೋಡಬೇಕಾದದ್ದು ಸೋಲ್ಡ್ ಎಂಬ ಫಿಲ್ಟರ್ ಹಾಕಿದ ಮೇಲೆ ಬರುವ ಪಟ್ಟಿ, ನಿಜವಾಗಿ ಮಾರಾಟವಾದವು. ಅದೇ ವರ್ಷ, ಅದೇ ಕಂಪನಿ, ಅದೇ ಅಂಕ, ಅದೇ ಥರದ ಲೇಬಲ್ ಇರುವ ಐದಾರನ್ನು ಆರಿಸಿಕೊಳ್ಳಿ. ಬೆಲೆಯ ಮೇಲೆ ಗೀಟು ಎಳೆದು ಬೆಸ್ಟ್ ಆಫರ್ ಒಪ್ಪಿದರು ಎಂದಿದ್ದರೆ, ನಿಜವಾಗಿ ಹೋದದ್ದು ಅದಕ್ಕಿಂತ ಕಡಿಮೆಗೆ. ತೀರ ಜಾಸ್ತಿಗೆ ಹೋದ ಒಂದನ್ನು ಬಿಟ್ಟುಬಿಡಿ, ನಮ್ಮ ಕಣ್ಣು ಹೋಗುವುದು ಅದರ ಮೇಲೆಯೇ.

ಈ ಹಂತದಲ್ಲಿ ನಾನು ಮಾಡುವ ಒಂದು ಕೆಲಸ ಇದೆ, ಬಹಳ ಜನ ಮಾಡುವುದಿಲ್ಲ. ಎರಡು ತಿಂಗಳ ಹಿಂದಿನ ಮಾರಾಟ ಸಿಕ್ಕರೆ, ಅದರ ಬೆಲೆಯಿಂದ ಆ ದಿನದ ಬೆಳ್ಳಿ ಬೆಲೆ ಕಳೆಯುತ್ತೇನೆ. ಉಳಿದದ್ದು ನಾಣ್ಯ ಮತ್ತು ಡಬ್ಬಿಯ ಪಾಲು. ಬೆಳ್ಳಿ 40 ಇದ್ದ ದಿನ 70ಕ್ಕೆ ಹೋಗಿದ್ದರೆ ಆ ಪಾಲು 30. ಬೆಳ್ಳಿ 50 ಆದ ಮೇಲೆ ಅದು 80 ಆಗಲೇಬೇಕೆಂದಿಲ್ಲ, 74ಕ್ಕೇ ನಿಂತಿರಬಹುದು. ಆಗ ಆ ಪಾಲು 24ಕ್ಕೆ ಇಳಿದಿದೆ ಎಂದರ್ಥ. ಬೆಳ್ಳಿ ಏರುತ್ತಾ ಹೋದಂತೆ ಸಾಮಾನ್ಯ ವರ್ಷದ ನಾಣ್ಯಗಳಲ್ಲಿ ಲೋಹ ಡಬ್ಬಿಯನ್ನು ನುಂಗುತ್ತದೆ. ನಾಣ್ಯ ಕೂಡಿಡುವವನ ಜೇಬು ಬೆಳ್ಳಿಯ ಜೊತೆ ದೊಡ್ಡದಾಗುವುದಿಲ್ಲವಲ್ಲ.

ಈಗ ಗೆಳೆಯನ ಲೆಕ್ಕಕ್ಕೆ ಬರೋಣ. ಅವತ್ತು ಬೆಳ್ಳಿ 50. ಅವನ 70ರ ನಾಣ್ಯ ಇಬೇಯಲ್ಲಿ 75ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಇಬೇಯವರ ಪಾಲು ಸುಮಾರು ಶೇ. 13. ಅದೂ ಕೊಂಡವನು ಕಟ್ಟುವ ಅಂಚೆ ಖರ್ಚು, ಮಾರಾಟ ತೆರಿಗೆ ಎಲ್ಲ ಸೇರಿದ ಮೊತ್ತದ ಮೇಲೆ. ಹತ್ತು ಡಾಲರ್ ಅಲ್ಲಿ ಹೋಯಿತು. ಭದ್ರವಾಗಿ ಕಟ್ಟಿ, ವಿಮೆ ಮಾಡಿ ಕಳಿಸಲು ಆರು ಡಾಲರ್. ಕೈಯಲ್ಲಿ ಉಳಿದದ್ದು 59.

69ರ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಅದು 60ಕ್ಕೆ ಹೋಯಿತು ಎನ್ನಿ. ಇಬೇಗೆ ಎಂಟು, ಅಂಚೆಗೆ ಆರು, ಉಳಿದದ್ದು 46. ಒಳಗಿನ ಬೆಳ್ಳಿಯೇ 50 ಬೆಲೆ ಬಾಳುತ್ತಿದೆ! ಅಂದರೆ ಸ್ಪಾಟ್ ಬೆಲೆ ಕೊಡುವ ಪಕ್ಕದ ಅಂಗಡಿಗೆ ಒಯ್ದು ಕೊಟ್ಟಿದ್ದರೇ ಮೇಲು. ಪಟ್ಟಿಯಲ್ಲಿ 60 ಎಂದು ಕಂಡದ್ದು ನಿಜ, ಅಂಗಡಿಯವನು 50 ಅಂದದ್ದೂ ನಿಜ. ಅಂಗಡಿಯದ್ದೇ ಒಳ್ಳೆಯ ಬೆಲೆ.

ಇನ್ನೊಂದು ಲೆಕ್ಕವನ್ನೂ ಅವನ ಮುಂದೆ ಇಟ್ಟೆ. 2018ರಲ್ಲಿ 89 ಡಾಲರ್‌ಗೆ ಡಬ್ಬಿಯಿಲ್ಲದ ಬಿಡಿ ಈಗಲ್ ನಾಲ್ಕು ಬರುತ್ತಿದ್ದವು. ಆ ದೀಪಾವಳಿ ಹೊತ್ತಿಗೆ ನಾಲ್ಕರ ಬೆಳ್ಳಿಯೇ 200 ಡಾಲರ್ ಆಗಿತ್ತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಕೊಟ್ಟ 89ರಲ್ಲಿ 16 ಬೆಳ್ಳಿಗೆ, ಮೂರ್ನಾಲ್ಕು ನಾಣ್ಯಕ್ಕೆ, ಉಳಿದ ಸುಮಾರು 70 ಡಾಲರ್ ಡಬ್ಬಿಗೆ ಮತ್ತು ಸಹಿಗೆ ಹೋಗಿತ್ತು. ಮೂರು ಪಟ್ಟು ಏರಿದ್ದು ಆ 16 ಮಾತ್ರ.

ಇದೇ ಕಾರಣಕ್ಕೆ, ಮನೆಯಲ್ಲಿರುವ ಬಿಡಿ ಈಗಲ್‌ಗಳನ್ನು ಈಗ ಗ್ರೇಡಿಂಗ್‌ಗೆ ಕಳಿಸಿದರೆ ಲಾಭವಾ ಎಂದು ಕೇಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಶುಲ್ಕ, ಸದಸ್ಯತ್ವ, ಎರಡು ಕಡೆಯ ಅಂಚೆ ಸೇರಿದರೆ ಖರ್ಚು ಸಣ್ಣದಲ್ಲ. 69 ಬಂದರೆ ಆ ದುಡ್ಡು ಹೋದ ಹಾಗೆಯೇ.

ಅಂಗಡಿಯಲ್ಲಿ

ಆ ಶನಿವಾರ ಇಬ್ಬರೂ ಪಕ್ಕದ ಊರಿನ ನಾಣ್ಯದಂಗಡಿಗೆ ಹೋದೆವು. ವಯಸ್ಸಾದ ಯಜಮಾನರು ಹತ್ತೂ ಡಬ್ಬಿಗಳನ್ನು ಇಸ್ಪೀಟಿನ ಕಟ್ಟಿನ ಹಾಗೆ ಅಡ್ಡ ಜೋಡಿಸಿ, ಬೆನ್ನಿನ ಅಂಕಿಗಳನ್ನು ಮಾತ್ರ ನೋಡಿದರು. ಸಹಿಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಫೋನಿನಲ್ಲಿ ಎರಡು ಸರ್ಟಿಫಿಕೇಟ್ ನಂಬರ್ ಒತ್ತಿ ಪರೀಕ್ಷಿಸಿದರು. ನಕಲಿ ಡಬ್ಬಿಗಳೂ ಓಡಾಡುತ್ತವೆ, ಆ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿದರೆ ಯಾವ ನಾಣ್ಯ, ಯಾವ ಅಂಕ ಎಂದು ಬರುತ್ತದೆ. ನೀವೂ ಮಾರುವ ಮುಂಚೆ ಮಾಡಿ ನೋಡಬಹುದು. ಆಮೇಲೆ ಬೆಲೆ ಹೇಳಿದರು. 69ಕ್ಕೆ ಆ ಗಳಿಗೆಯ ಸ್ಪಾಟ್, 70ಕ್ಕೆ ಸ್ಪಾಟ್ ಮೇಲೆ ನಾಲ್ಕು ಡಾಲರ್, ಕಲೆ ಇದ್ದದ್ದಕ್ಕೆ ಬರೀ ಸ್ಪಾಟ್. ಹಿಂದಿನ ಗಾಜಿನ ಕಪಾಟು ತೋರಿಸಿದರು. ಇಂಥವೇ ಡಬ್ಬಿ ಎರಡು ಸಾಲು ತುಂಬಿದ್ದವು.

ಇನ್ನೆರಡು ಕಡೆ ಕೇಳಿದೆವು, ಎರಡರಲ್ಲೂ ಇದಕ್ಕಿಂತ ಕಡಿಮೆ. ಅವನು ನಾಲ್ಕು 69 ಮತ್ತು ಕಲೆಯ 70 ಅಲ್ಲೇ ಕೊಟ್ಟುಬಂದ. ಉಳಿದ ಐದನ್ನು ಸದ್ಯಕ್ಕೆ ಇಟ್ಟುಕೊಂಡ.

"ಊರಿಗೆ ಹೋಗುವಾಗ ಒಯ್ದು ಬೆಂಗಳೂರಿನಲ್ಲಿ ಮಾರಿದ್ರೆ?" ಎಂದು ವಾಪಸ್ ಬರುವಾಗ ಕೇಳಿದ. ಬೆಳ್ಳಿ ನಾಣ್ಯ ಒಡವೆಯ ಲೆಕ್ಕಕ್ಕೆ ಬರುವುದಿಲ್ಲ, ಕಸ್ಟಮ್ಸ್‌ನಲ್ಲಿ ತೋರಿಸಿ ಸುಂಕ ಕಟ್ಟಬೇಕಾಗುತ್ತದೆ. ಅದಾದ ಮೇಲೆ ನಗರ್ತಪೇಟೆಯ ಬೆಳ್ಳಿ ಅಂಗಡಿಗೆ ಒಯ್ದರೆ ಅಲ್ಲಿ 70 ಅನ್ನುವ ಅಂಕಿಗೆ ಬೆಲೆ ಕಟ್ಟುವವರು ಇಲ್ಲ. ಡಬ್ಬಿ ಒಡೆದು ನಾಣ್ಯ ಹೊರತೆಗೆದು ತಕ್ಕಡಿಗೆ ಹಾಕುತ್ತಾರೆ. ತಕ್ಕಡಿ 31.1 ಗ್ರಾಂ ತೋರಿಸುತ್ತದೆ.